ನಮ್ಮ ಓಣಿ ಲೈಬ್ರರಿ ರಿಪೇರಿ ಆತು: ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಧಾರವಾಡದಾಗ ನಮ್ಮ ಓಣಿ ಶಾಖಾ ಗ್ರಂಥಾಲಯ ರಿಪೇರಿ ಆಗಿ ಮತ್ತ ಬಾಗಿಲಾ ತೆಗದಾಗಿಂದ ಹಾಲಿನ ಅಂಗಡಿ ಮುಂದ, ಚಿಗರಿ ಬಸ್ಸಿನ್ಯಾಗ, ಲಗ್ನದ ಊಟದ ಪಂಕ್ತಿಯೊಳಗ ಸುದ್ದಾ ಮಂದಿ ನಿಲ್ಲಿಸಿ ಅವೇ ಪ್ರಶ್ನೆ ಕೇಳ್ತಾರ. ನಾನು ಸಾಲಿ ಟೀಚರ್, ಈ ಲೈಬ್ರರಿಯೊಳಗ ಕೂತು ಓದಿ ಬೆಳದಾಕಿ, ರಿಪೇರಿ ಟೈಮಿಗೆ ಓಣಿಯ ಹತ್ತು ಹನ್ನೆರಡು ಮಂದಿ ಓದುಗರು ಸೇರಿ ಓಡಾಡಿದ್ವಲ್ಲ, ಅದರಾಗ ನಾನೂ ಒಬ್ಬಾಕಿ. ಹಂಗಾಗಿ ಒಮ್ಮೆ ಕೂತು ಎಲ್ಲಾ ಬರದ್ರ ಛಲೋ ಅಂತ ಬರೀಲಿಕ್ಕೆ ಹತ್ತೀನಿ.

ಲೈಬ್ರರಿ ಈಗ ಚಾಲೂ ಐತೇನ್ರಿ? ಟೈಮ್ ಏನು?

ಚಾಲೂ ಐತಿ. ಮುಂಜಾನೆ ಮತ್ತ ಸಂಜಿಕ ಎರಡೂ ಹೊತ್ತು ತೆಗೀತಾರ, ಸೋಮವಾರ ಸೂಟಿ. ಸರಕಾರಿ ರಜಾ ಇದ್ದ ದಿನಾ ಬರೋ ಮೊದ್ಲ ಬಾಗಿಲಿಗೆ ಹಚ್ಚಿದ ಬೋರ್ಡ್ ನೋಡಿ ಹೋಗ್ರಿ, ಸುಮ್ನ ಬಂದು ಕೀಲಿ ನೋಡಿ ತ್ರಾಸ ಮಾಡ್ಕೋಬ್ಯಾಡ್ರಿ.

ಇದ್ದ ಬಿಲ್ಡಿಂಗ್ ಛಲೋ ಇತ್ತಲ್ಲಾ, ರಿಪೇರಿ ಯಾಕ ಬೇಕಿತ್ತು?

ಹೊರಗಿಂದ ನೋಡಿದ್ರ ಛಲೋನ ಕಾಣತಿತ್ತು. ಮ್ಯಾಲ ಮಂಗಳೂರ ಹಂಚು, ಕೆಳಗ ಕಟಗಿ ತೊಲಿ, ನೆಲಕ್ಕ ಶಹಾಬಾದ ಫರಸಿ. ಆದ್ರ ಹಂಚು ಒಡದು ಒಡದು ಅಲ್ಲಲ್ಲಿ ಪ್ಲಾಸ್ಟಿಕ್ ಚೀಲಾ ತುರುಕಿದ್ರು, ಧಾರವಾಡದ ಜಿಟಿಜಿಟಿ ಮಳಿ ನಿಮಗೆ ಗೊತ್ತೈತಿ, ಒಮ್ಮೆ ಹಿಡೀತಂದ್ರ ವಾರಗಟ್ಟಲೆ ಬಿಡಂಗಿಲ್ಲ, ಆ ನೀರು ತೊಲಿಗುಂಟ ಹರಿದು ಗ್ವಾಡಿಗೆ ಇಳೀತಿತ್ತು, ಗ್ವಾಡಿಗೆ ಹಚ್ಚಿ ಇಟ್ಟ ಕಪಾಟಿನ ಹಿಂದ ತಂಪು ಹಿಡದು ಗೆದ್ದಲ ಬಂತು. ಒಂದು ದಿನಾ ನಾನು ಕೆಳಗಿನ ಸಾಲಿಂದ ಒಂದು ಪುಸ್ತಕ ತಗೀಲಿಕ್ಕೆ ಹೋದ್ರ ಬರೇ ರಟ್ಟು ಕೈಗೆ ಬಂತ್ರೀ, ಒಳಗಿನ ಹಾಳಿ ಪೂರಾ ಮಣ್ಣಾಗಿತ್ತು, ಹೊರಗಿಂದ ಮಾತ್ರ ಪುಸ್ತಕ ನೆಟ್ಟಗ ನಿಂತಿತ್ತು. ಅವತ್ತ ನಾವೆಲ್ಲಾ ಸೇರಿ ಅರ್ಜಿ ಬರದ್ವಿ.

ಹಂಚು ತಗದು ಆರ್‌ಸಿಸಿ ಸ್ಲ್ಯಾಬ್ ಹಾಕ್ರಿ ಅಂತ ಭಾಳ ಮಂದಿ ಅಂದ್ರು. ಹಂಚೇ ಇರಲಿ ಅಂತ ನಾವು ಹಟಾ ಹಿಡದ್ವಿ, ಯಾಕಂದ್ರ ಹಳೇ ಗ್ವಾಡಿ ಅಷ್ಟು ಭಾರ ತಡೀತೈತೋ ಇಲ್ಲೋ ಅನ್ನೋದು ಒಂದು, ಬ್ಯಾಸಗಿಗೆ ಹಂಚಿನ ಮನಿ ತಂಪು ಇರತೈತಿ ಅನ್ನೋದು ಇನ್ನೊಂದು. ಫಾಲ್ಸ್ ಸೀಲಿಂಗೂ ಬ್ಯಾಡ ಅಂದ್ವಿ. ಅದರ ಮ್ಯಾಲ ಸೋರಿಕೆ ಆದ್ರ ಕೆಳಗ ಇದ್ದವರಿಗೆ ತಿಂಗಳಗಟ್ಟಲೆ ಗೊತ್ತಾಗಂಗಿಲ್ಲ, ಇಲಿ ಬ್ಯಾರೆ ಸಂಸಾರ ಹೂಡ್ತಾವ. ಈಗ ಹೊಸ ಹಂಚು, ಹುಳಾ ತಿಂದ ತೊಲಿ ಅಷ್ಟೇ ಬದಲು, ನಡುವ ಆರು ಗಾಜಿನ ಹಂಚು. ಮಧ್ಯಾಹ್ನ ಹನ್ನೆರಡಕ್ಕ ಲೈಟ್ ಹಚ್ಚದ ಓದಬಹುದು. ಕಪಾಟು ಗ್ವಾಡಿಯಿಂದ ಒಂದು ಗೇಣು ದೂರ, ಕೆಳಗಿನ ಸಾಲು ನೆಲದಿಂದ ಅರ್ಧ ಫೂಟು ಮ್ಯಾಲ ಇಟ್ಟೀವಿ. ಗಾಳಿ ಆಡಬೇಕು, ಕಸಬರಗಿ ಆಡಬೇಕು, ಗೆದ್ದಲ ಬಂದ್ರ ಕಣ್ಣಿಗೆ ಬೀಳಬೇಕು.

ರಿಪೇರಿ ಟೈಮಿಗೆ ಮಳಿಯಾಗ ಪುಸ್ತಕ ತೊಯ್ದು ಹೋದ್ವು ಅಂತಾರಲ್ಲ, ಖರೇನ?

ಖರೇ. ಮುಚ್ಚಿಡೋದು ಏನೂ ಇಲ್ಲ. ಹಂಚು ಇಳಿಸೋದು ಏಪ್ರಿಲ್‌ನ್ಯಾಗ ಆಗಬೇಕಿತ್ತು, ಕೆಲಸಾ ಹಿಡದವರು ಇವತ್ತು ನಾಳೆ ಅಂತ ದೂಡಿ ಮೇ ಕಡೀ ವಾರಕ್ಕ ತಂದ್ರು, ಮ್ಯಾಲ ತಾಡಪತ್ರಿ ಕಟ್ಟಿದ್ರು ಖರೇ ಆದ್ರ ಹಗ್ಗಾ ಬಿಗಿ ಇರಲಿಲ್ಲ, ರೋಹಿಣಿ ಮಳಿ ರಾತ್ರಿ ಗಾಳಿ ಕಟಗೊಂಡು ಬಂತು, ತಾಡಪತ್ರಿ ಹಾರಿ ಬಾಜೂಕಿನ ಮಾವಿನ ಗಿಡಕ್ಕ ಸಿಕ್ಕೊಂಡಿತ್ತು. ಮುಂಜಾನೆ ಹೋಗಿ ನೋಡಿದ್ರ ಎರಡು ರ‍್ಯಾಕ್ ಪೂರಾ ನೀರು. ಕಾದಂಬರಿ ರ‍್ಯಾಕ್ ಒಂದು, ಮಕ್ಕಳ ಪುಸ್ತಕದ್ದು ಒಂದು.

ಅವತ್ತು ಏನು ಮಾಡಿದ್ವಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮ ಮನಿಯೊಳಗೂ ಪುಸ್ತಕ ತೊಯ್ದಾಗ ಉಪಯೋಗ ಆಗತೈತಿ. ಮೊದ್ಲ ಎಲ್ಲಾರೂ ಬಿಸಲಿಗೆ ಹಾಕೂಣು ಅಂದ್ರು. ನಮ್ಮ ಕೂಡ ಒಬ್ರು ಬೈಂಡಿಂಗ್ ಕಾಕಾ ಅದಾರ, ನಲವತ್ತು ವರ್ಷ ಪ್ರೆಸ್ಸಿನ್ಯಾಗ ಕೆಲಸಾ ಮಾಡಿ ರಿಟೈರ್ ಆದವರು, ಅವರು ಓಡಿ ಬಂದು ಬ್ಯಾಡ ಬ್ಯಾಡ ಬಿಸಲಿಗೆ ಹಾಕಿದ್ರ ರಟ್ಟು ಸೊಟ್ಟ ಆಗಿ ಹಾಳಿ ಹಪ್ಪಳ ಆಗತಾವ ಅಂದ್ರು. ನೆರಳಿನ್ಯಾಗ, ಫ್ಯಾನಿನ ಗಾಳಿಗೆ, ಪುಸ್ತಕ ನಿಲ್ಲಿಸಿ ಹಾಳಿ ಬೀಸಣಿಕೆ ಹಂಗ ಬಿಚ್ಚಿ ಇಡಬೇಕು. ಜಾಸ್ತಿ ತೊಯ್ದಿದ್ರ ಹತ್ತಿಪ್ಪತ್ತು ಹಾಳಿಗೊಂದು ಕೋರಾ ಕಾಗದ ಇಟ್ಟು, ಅದು ನೀರು ಕುಡದ ಮ್ಯಾಲ ಬದಲಿ ಮಾಡಬೇಕು. ಛಾಪಿಸಿದ ಪೇಪರ್ ಇಟ್ರ ಅದರ ಮಸಿ ಹತ್ತತೈತಿ, ಅದಕ್ಕ ಕಾಕಾ ಪ್ರೆಸ್ಸಿಗೆ ಹೋಗಿ ರೋಲ್ ಮುಗದಾಗ ಉಳಿಯೋ ಕೋರಾ ನ್ಯೂಸ್‌ಪ್ರಿಂಟ್ ಒಂದು ಆಟೋ ತುಂಬ ತಂದ್ರು. ತೊಯ್ದ ಪುಸ್ತಕಕ್ಕ ಎರಡು ದಿನದಾಗ ಬೂಸ್ಟು ಹಿಡೀಲಿಕ್ಕೆ ಶುರು ಆಗತೈತಿ, ಹಂಗಾಗಿ ಬಾಜೂಕಿನ ಸಾಲಿ ಎರಡು ಖೋಲಿ ಬಿಟ್ಟು ಕೊಟ್ರು, ಸೂಟಿ ಇತ್ತಲ್ಲ, ಓಣಿ ಮಂದಿ ಮನಿಯಿಂದ ಟೇಬಲ್ ಫ್ಯಾನ್ ತಂದು ಇಟ್ರು. ನಾನು ಎಣಿಸಿದ್ದೆ, ಹದಿನೇಳು ಫ್ಯಾನ್. ರಾತ್ರಿ ಹನ್ನೊಂದಕ್ಕ ಸುದ್ದಾ ಕಾಲೇಜು ಹುಡುಗೂರು ನೆಲದ ಮ್ಯಾಲ ಕೂತು ಪೋಸ್ಟ್‌ಕಾರ್ಡ್ ತುದಿಯಿಂದ ಒಂದೊಂದೇ ಹಾಳಿ ಬಿಡಸ್ತಿದ್ರು.

ಕಾದಂಬರಿ ಬಹಳಷ್ಟು ಉಳದು ಬಂದ್ವು, ಅಂಚಿಗೆ ಕಂದು ಕಲೆ ಆಗೈತಿ ಅಷ್ಟ. ಹೋಗಿದ್ದು ಮಕ್ಕಳ ಪುಸ್ತಕ. ಬಣ್ಣದ ಚಿತ್ರದ ನುಣುಪು ಕಾಗದ ಒಮ್ಮೆ ತೊಯ್ದು ಒಣಗಿತಂದ್ರ ಇಟ್ಟಂಗಿ ಹಂಗ ಅಂಟಿ ಕೂಡತೈತಿ, ಬಿಡಸಲಿಕ್ಕೆ ಬರಂಗಿಲ್ಲ. ಅದು ಇವತ್ತಿಗೂ ನನಗ ಹೊಟ್ಟಿ ಸಂಕಟ. ಮಕ್ಕಳ ರ‍್ಯಾಕ್ ಈಗ ಅರ್ಧಾ ಖಾಲಿ ಕಂಡ್ರ ಕಾರಣ ಅದ.

ಇಷ್ಟೆಲ್ಲಾ ಮಾಡಲಿಕ್ಕೆ ರೊಕ್ಕಾ ಯಾರು ಕೊಟ್ರು?

ನೀವ ಕೊಟ್ಟೀರಿ. ಮನಿ ಕರ ತುಂಬಿದ ಪಾವತಿ ತಗದು ನೋಡ್ರಿ, ಅದರಾಗ ಗ್ರಂಥಾಲಯ ಕರ ಅಂತ ಒಂದು ಸಾಲು ಇರತೈತಿ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು, ಅದರ ಪ್ರಕಾರ ಆಸ್ತಿ ತೆರಿಗೆ ಮ್ಯಾಲ ಈಗ ಶೇ 6 ಲೈಬ್ರರಿ ಸೆಸ್ ಹಾಕ್ತಾರ, ಅಂದ್ರ ನೀವು 3000 ರೂಪಾಯಿ ತೆರಿಗೆ ತುಂಬಿದ್ರ 180 ರೂಪಾಯಿ ಲೈಬ್ರರಿದು. ಪಾಲಿಕೆ ವಸೂಲ್ ಮಾಡಿ ಗ್ರಂಥಾಲಯಕ್ಕ ಕೊಡಬೇಕು. ಬಾಡಗಿ ಮನಿಯವರೂ ನಮ್ಮದೇನಿಲ್ಲ ಅನ್ಕೋಬ್ಯಾಡ್ರಿ, ಮಾಲಕರು ಆ ತೆರಿಗಿ ತುಂಬೋದು ನಿಮ್ಮ ಬಾಡಗಿ ರೊಕ್ಕದಾಗಿಂದ.

ಇದು ಬಿಟ್ಟು ಕೊಲ್ಕತ್ತಾದಾಗ 1972ರಾಗ ಶುರು ಆದ ರಾಜಾ ರಾಮಮೋಹನ ರಾಯ್ ಲೈಬ್ರರಿ ಫೌಂಡೇಶನ್ ಐತಿ, ಅದು ಕೇಂದ್ರ ಸರಕಾರದ್ದು, ದೇಶದ ಸಾರ್ವಜನಿಕ ಲೈಬ್ರರಿಗಳಿಗೆ ಪುಸ್ತಕ, ಕಪಾಟು, ಬಿಲ್ಡಿಂಗ್ ಸಂಬಂಧ ಸಹಾಯ ಕೊಡತೈತಿ. ನಮ್ಮ ಓಣಿಯವರು ಕೊಟ್ಟಿದ್ದು ಫ್ಯಾನು, ಕಿಡಕಿ ಪರದೆ, ಕುಡಿಯೋ ನೀರಿನ ಮಶೀನ್, ಮತ್ತ ಬೆವರು.

ಇದನ್ನ ಇಷ್ಟು ಉದ್ದಾ ಯಾಕ ಬರದೆ ಅಂದ್ರ, ಭಾಳ ಮಂದಿ ಬಾಗಿಲದಾಗ ನಿಂತು ಒಳಗ ಬರಬಹುದೇನ್ರಿ ಅಂತ ಅಂಜಕೋತ ಕೇಳ್ತಾರ. ಸಂತಿಗೆ ಬಂದ ಹಳ್ಳಿ ಹೆಣ್ಮಕ್ಕಳು, ಗೌಂಡಿ ಕೆಲಸದವರು, ಹಮಾಲರು. ಯವ್ವಾ, ಅಣ್ಣಾ, ಇದು ಯಾರದ್ದೋ ಮನಿ ಅಲ್ಲ. ಚಪ್ಪಲ್ ಹೊರಗ ಬಿಟ್ಟು ಸೀದಾ ಒಳಗ ಬರ್ರಿ.

ಮೆಂಬರ್ ಆಗದ ಕೂತು ಓದಬಹುದಾ?

ಹೌದು. ಪೇಪರ್, ಪುಸ್ತಕ ಏನಾದ್ರೂ. ಒಂದು ರೂಪಾಯಿನೂ ಕೊಡೋದಿಲ್ಲ.

ಮತ್ತ ಮೆಂಬರ್ ಯಾಕ ಆಗಬೇಕು?

ಪುಸ್ತಕ ಮನಿಗೆ ಒಯ್ಯಲಿಕ್ಕೆ. ವಿಳಾಸದ ಗುರುತು, ಫೋಟೋ, ಒಂದು ಸಣ್ಣ ಡಿಪಾಜಿಟ್. ಮೆಂಬರ್‌ಶಿಪ್ ಬಿಡೋ ಮುಂದ ಡಿಪಾಜಿಟ್ ವಾಪಸ್ ಬರತೈತಿ, ರಸೀದಿ ಕಾದು ಇಟ್ಕೋರಿ. ಫಾರ್ಮ್ ತುಂಬಲಿಕ್ಕೆ ಬರದವರಿಗೆ ಕೌಂಟರಿನ್ಯಾಗ ತುಂಬಿ ಕೊಡ್ತಾರ, ಅದಕ್ಕ ನಾಚಬ್ಯಾಡ್ರಿ.

ಕಾಂಪಿಟೇಟಿವ್ ಎಕ್ಸಾಮ್ ಹುಡುಗೂರು ಎಲ್ಲಾ ಕುರ್ಚಿ ಹಿಡೀತಾರ, ಪೇಪರ್ ಓದೋ ಅಜ್ಜಂದಿರು ಎಲ್ಲಿ ಕೂಡಬೇಕು?

ಇದು ಎಲ್ಲಾಕಿಂತ ಜಾಸ್ತಿ ಬರೋ ಪ್ರಶ್ನೆ, ಮತ್ತ ಎಲ್ಲಾಕಿಂತ ಜಾಸ್ತಿ ಜಗಳಾ ಆಗಿದ್ದೂ ಇದರ ಸಂಬಂಧ. ಧಾರವಾಡದ ಸಪ್ತಾಪುರ ಕಡೆ ಹೋದವರಿಗೆ ಗೊತ್ತೈತಿ, ಇಡೀ ಉತ್ತರ ಕರ್ನಾಟಕದ ಹುಡುಗೂರು ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ ಅಂತ ಇಲ್ಲಿ ಬಂದು ಓದ್ತಾರ. ಖಾಸಗಿ ರೀಡಿಂಗ್ ರೂಮಿಗೆ ತಿಂಗಳಿಗೆ ರೊಕ್ಕಾ ಕೊಡಬೇಕು, ಖೋಲಿ ಬಾಡಗಿ ಬ್ಯಾರೆ, ಮೆಸ್ ಬ್ಯಾರೆ, ಊರಾಗ ಅಪ್ಪ ಹೊಲಾ ಅಡಾ ಇಟ್ಟು ಕಳಿಸಿರತಾನ. ಅಂಥಾ ಹುಡುಗಗ ಸರಕಾರಿ ಲೈಬ್ರರಿ ಕುರ್ಚಿ ಅಂದ್ರ ಅದು ಬರೇ ಕುರ್ಚಿ ಅಲ್ಲ. ಮುಂಜಾನೆ ಬಾಗಿಲಾ ತೆಗಿಯೋ ಮೊದ್ಲ ಚೀಲಾ ಸಾಲಾಗಿ ಇಟ್ಟು ಕಾಯ್ತಾರ.

ಇನ್ನೊಂದು ಕಡೆ ಅಜ್ಜಂದಿರು. ನಮ್ಮಪ್ಪ ರಿಟೈರ್ ಆದಮ್ಯಾಲ ಹದಿನಾರು ವರ್ಷ ದಿನಾ ಇಲ್ಲಿ ಪೇಪರ್ ಓದಿದವರು, ಕಡೀ ಎರಡು ವರ್ಷ ಕೂಡಲಿಕ್ಕೆ ಕುರ್ಚಿ ಸಿಗದ ಪೇಪರ್ ಸ್ಟ್ಯಾಂಡಿಗೆ ಕೈ ಊರಿ ನಿಂತು ಓದಿ ಬರ್ತಿದ್ರು. ಮನಿಗೆ ಬಂದು ಮೊಣಕಾಲು ತಿಕ್ಕೊಂತ ಕೂಡೋರು, ಹುಡುಗೂರ ಬಗ್ಗೆ ಒಂದು ಮಾತು ಆಡ್ತಿರಲಿಲ್ಲ, ಪಾಪ ಓದ್ಲಿ ಬಿಡು ಅವಕ್ಕ ನೌಕ್ರಿ ಆಗಬೇಕು ಅನ್ನೋರು.

ಹಂಗಾಗಿ ರಿಪೇರಿಯೊಳಗ ಮೊದಲನೇ ಮಾತು ಇದ ಇತ್ತು. ಈಗ ಪೇಪರ್ ವಿಭಾಗ ಪಡಸಾಲಿಗೆ ಬಂದೈತಿ, ಬೆಳಕು ಛಲೋ, ಕೈ ಇರೋ ಕುರ್ಚಿ, ಬೆನ್ನಿಗೆ ಆಸರ, ಆ ಕುರ್ಚಿ ಮ್ಯಾಲ ಗೈಡ್ ಓದಲಿಕ್ಕೆ ಕೂಡಂಗಿಲ್ಲ. ಹಿಂದಿನ ಉದ್ದನ್ನ ಖೋಲಿ ಪರೀಕ್ಷಾ ಹುಡುಗೂರಿಗೆ, ಟೇಬಲ್ಲಿಗೆ ಪ್ಲಗ್ ಪಾಯಿಂಟ್ ಅದಾವ. ಟಾವೆಲ್ ಹಾಕಿ, ಬಾಟಲಿ ಇಟ್ಟು ಜಾಗಾ ಹಿಡಿಯೋದು ಬಂದ್, ಅರ್ಧಾ ತಾಸು ಖಾಲಿ ಬಿಟ್ರ ಮುಂದಿನವರು ಕೂಡಬಹುದು. ಊಟದ ಹೊತ್ತಿಗೆ ಮಾತ್ರ ಒಂದು ತಾಸು. ಈ ನಿಯಮಾ ಮಾಡಿದವರು ಆ ಹುಡುಗೂರ, ಅವರನ್ನ ಕೂಡಿಸಿ ಕೇಳಿದಾಗ ಅವರ ಹೇಳಿದ್ದು, ಅದಕ್ಕ ನಡೀಲಿಕ್ಕೆ ಹತ್ತೈತಿ. ಮ್ಯಾಲಿಂದ ಹೇರಿದ್ರ ಎರಡು ದಿನಾ ನಡೀತಿದ್ದಿಲ್ಲ.

ಕುರ್ಚಿ ಇನ್ನೂ ಕಮ್ಮಿ ಅದಾವ, ಇಲ್ಲಂತ ಹೇಳಂಗಿಲ್ಲ. ನೋಟಿಫಿಕೇಶನ್ ಬಂದ ತಿಂಗಳು ಕಟ್ಟಿ ಮ್ಯಾಲ ಕೂತು ಓದೋ ಹುಡುಗೂರೂ ಇರತಾರ.

ಹೆಣ್ಮಕ್ಕಳು ಬರಬಹುದಾ? ಮೊದ್ಲ ಯಾರೂ ಬರ್ತಿರಲಿಲ್ಲ.

ಬರ್ತಿರಲಿಲ್ಲ ಯಾಕಂದ್ರ ಶೌಚಾಲಯ ಇರಲಿಲ್ಲ. ಬ್ಯಾರೆ ಕಾರಣಾ ಹುಡುಕೋದ ಬ್ಯಾಡ. ನಾನು ಡಿಗ್ರಿ ಓದೋ ಮುಂದ ನೀರು ಕುಡೀದ ಬಂದು ಎರಡು ತಾಸು ಓದಿ ಮನಿಗೆ ಓಡತಿದ್ದೆ. ಈಗ ಐತಿ, ಒಳಗಿಂದ ಬೋಲ್ಟ್ ಗಟ್ಟಿ ಐತಿ, ನೀರು ಬರತೈತಿ, ಲೈಟ್ ಐತಿ. ಮೊದಲ ತಿಂಗಳಿಂದ ಹುಡುಗ್ಯಾರ ಸಂಖ್ಯಾ ಕಣ್ಣಿಗೆ ಕಾಣೋಹಂಗ ಜಾಸ್ತಿ ಆತು. ಅವರಿಗೆ ಒಂದು ಟೇಬಲ್ ಬ್ಯಾರೆ ಇಟ್ಟೀವಿ, ಆದ್ರ ಅಲ್ಲೇ ಕೂಡಬೇಕು ಅಂತ ಏನಿಲ್ಲ, ಎಲ್ಲಿ ಬೇಕಾದ್ರೂ ಕೂಡಬಹುದು.

ಮೆಟ್ಟಲಾ ಹತ್ತಲಿಕ್ಕೆ ಆಗದವರಿಗೆ?

ರ‍್ಯಾಂಪ್ ಆಗೈತಿ. ಮೊದಲು ಹಾಕಿದ್ದು ಗಾಡಿ ಹತ್ತಿಸೋ ಇಳಿಜಾರಿನಂಗ ಸಿಕ್ಕಾಪಟ್ಟೆ ಕಡಿದಾಗಿತ್ತು, ಗಾಲಿ ಕುರ್ಚಿ ಹಿಂದಕ್ಕ ಜಾರತಿತ್ತು. ಒಂದು ಫೂಟು ಎತ್ತರಕ್ಕ ಹನ್ನೆರಡು ಫೂಟು ಉದ್ದ ಬೇಕು ಅನ್ನೋದು ಲೆಕ್ಕಾ, ನಮ್ಮಲ್ಲಿ ಮೂರು ಮೆಟ್ಟಲಾ, ಅಂದ್ರ ಒಂದೂವರಿ ಫೂಟು, ಅದಕ್ಕ 18 ಫೂಟು ಬೇಕಾತು. ಅಂಗಳಾ ಅಷ್ಟು ಉದ್ದ ಇಲ್ಲದ್ದಕ್ಕ ನಡುವ ಒಮ್ಮೆ ಹೊಳ್ಳಿಸಿ ಕಟ್ಟಿಸಿದ್ವಿ. ದಯಮಾಡಿ ಅದರ ಬಾಯಿಗೆ ಸ್ಕೂಟಿ ಹಚ್ಚಬ್ಯಾಡ್ರಿ.

ಯುನಿವರ್ಸಿಟಿ ಲೈಬ್ರರಿ ಐತಿ, ವಿದ್ಯಾವರ್ಧಕ ಸಂಘ ಐತಿ, ಓಣಿಗೊಂದು ಲೈಬ್ರರಿ ಯಾಕ ಬೇಕು?

ಧಾರವಾಡಕ್ಕ ಓದಿನ ಬರ ಇಲ್ಲ, ಖರೇ. ಸಂಘ 1890ರಾಗ ಶುರು ಆಗಿದ್ದು, ಸುಭಾಸ ರೋಡಿನ್ಯಾಗ ಪುಸ್ತಕದ ಅಂಗಡಿ ಸಾಲು ಅದಾವ. ಆದ್ರ ಎಂಬತ್ತು ವರ್ಷದ ಅಜ್ಜಿ ಅಷ್ಟು ದೂರ ಹೋಗಂಗಿಲ್ಲ, ಎರಡನೇ ಇಯತ್ತೆ ಹುಡುಗನ್ನ ಯುನಿವರ್ಸಿಟಿ ಲೈಬ್ರರಿಯೊಳಗ ಬಿಡಂಗಿಲ್ಲ. ಹಾವೇರಿ ಕಡೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಾ ತಾವ ಹೊತ್ತು ಊರೂರು ಅಡ್ಡಾಡಿ ಮಾರಿದವರು, ಓದೋರು ಎಲ್ಲಿ ಅದಾರೋ ಅಲ್ಲಿಗೆ ಪುಸ್ತಕ ಹೋಗಬೇಕು ಅನ್ನೋದು ನಮ್ಮ ಭಾಗದವರಿಗೆ ಹೊಸಾದಲ್ಲ. ಚಾ ಕುದಿಯೋದರೊಳಗ ಹೋಗಿ ಪುಸ್ತಕ ಬದಲಿ ಮಾಡ್ಕೊಂಡು ಬರೋ ಅಷ್ಟು ಹತ್ತಿರ ಇದ್ರ ಓದೋ ಚಟಾ ಹತ್ತತೈತಿ.

ಈಗ ಎಲ್ಲಾ ಮೊಬೈಲಿನ್ಯಾಗ ಸಿಗತೈತಲ್ಲ?

ಸಿಗತೈತಿ, ಅದನ್ನೂ ಉಪಯೋಗಿಸ್ರಿ. ಗ್ರಂಥಾಲಯ ಇಲಾಖೆಯವರು 2020ರಾಗ ಡಿಜಿಟಲ್ ಲೈಬ್ರರಿ ಶುರು ಮಾಡ್ಯಾರ, ಹೆಸರು ನೋಂದಾಯಿಸಲಿಕ್ಕೆ ಬರದಿದ್ರ ಕೌಂಟರಿನ್ಯಾಗ ಕೇಳ್ರಿ, ಮಾಡಿ ಕೊಡ್ತಾರ. ಆದ್ರ ಮನಿಯೊಳಗ ಒಂದ ಮೊಬೈಲ್, ಅದೂ ಅಪ್ಪನ ಕಿಸೆದಾಗ ಇರೋ ಹುಡುಗೂರು ನನ್ನ ಕ್ಲಾಸಿನ್ಯಾಗ ಅರ್ಧಕ್ಕಿಂತ ಜಾಸ್ತಿ ಅದಾರ.

ಸಣ್ಣ ಹುಡುಗೂರು ಭಾಳ ಗದ್ಲಾ ಮಾಡ್ತಾರಲ್ರಿ?

ಮಾಡ್ತಾರ. ಅದಕ್ಕ ಅವರ ಖೋಲಿ ಅಂಗಳದ ಆಚೆ ಐತಿ, ಅಲ್ಲಿ ಜೋರಾಗಿ ಓದಬಹುದು, ನಗಬಹುದು. ಶನಿವಾರ ಸಂಜಿಕ ಯಾರರೆ ಒಬ್ರು ಅಜ್ಜಿ ಇಲ್ಲಾ ಅಜ್ಜ ಕತಿ ಹೇಳ್ತಾರ. ಹೋದ ತಿಂಗಳು ಒಬ್ಬಾಕಿ ಹುಡುಗಿ, ಕನ್ನಡಾ ಕೂಡಿಸಿ ಓದಲಿಕ್ಕೆ ಬರ್ತಿರಲಿಲ್ಲ ಅಕಿಗೆ, ತನ್ನಕಿಂತ ಸಣ್ಣ ತಮ್ಮನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಬಟ್ಟು ಇಟ್ಟು "ಕಾ… ಗೆ… ಕಾಗೆ" ಅಂತ ಓದಿ ತೋರಸ್ತಿದ್ಲು, ಅವ ನಡುನಡುವ "ಮತ್ತೊಮ್ಮೆ ಓದಕ್ಕಾ" ಅಂತಿದ್ದ. ನಾನು ಬಾಗಲದಾಗ ನಿಂತು ನೋಡಿ ಹಂಗ ವಾಪಸ್ ಬಂದೆ, ಒಳಗ ಹೋದ್ರ ಟೀಚರ್ ಬಂದ್ರು ಅಂತ ನಿಲ್ಲಿಸಿಬಿಡ್ತಿದ್ರು.

ಪುಸ್ತಕದ ಬೆನ್ನಿಗೆ ಹಚ್ಚಿದ ನಂಬರ್ ಏನು?

ಅದು ಪುಸ್ತಕದ ಮನಿ ನಂಬರ್. ನಮ್ಮಲ್ಲಿರೋದು ಡ್ಯೂಯಿ ಪದ್ಧತಿ, ಅಂದ್ರ ವಿಷಯದ ಪ್ರಕಾರ ಪುಸ್ತಕಕ್ಕ ನಂಬರ್ ಕೊಡೋದು. 500ರ ಸಾಲು ವಿಜ್ಞಾನ, 900ರ ಸಾಲು ಇತಿಹಾಸ ಭೂಗೋಳ, ಕನ್ನಡ ಸಾಹಿತ್ಯ 894.814. ಈ ಒಂದು ನಂಬರ್ ನೆನಪಿಟ್ಟುಕೊಂಡ್ರ ಯಾವ ಊರಿನ ಡ್ಯೂಯಿ ಲೈಬ್ರರಿಗೆ ಹೋದ್ರೂ ಕನ್ನಡದ ಕಪಾಟು ಸಿಗತೈತಿ. ತಗದ ಪುಸ್ತಕಾ ನೀವ ವಾಪಸ್ ಕಪಾಟಿಗೆ ತುರುಕಬ್ಯಾಡ್ರಿ, ಟೇಬಲ್ ಮ್ಯಾಲ ಬಿಡ್ರಿ. ತಪ್ಪು ಜಾಗಾದಾಗ ಹೋದ ಪುಸ್ತಕ ಕಳದು ಹೋದಂಗ.

ಮೊದ್ಲ ಕಪಾಟಿಗೆ ಕೀಲಿ ಇರತಿತ್ತು, ಚೀಟಿ ಬರದು ಕೊಟ್ರ ತಗದು ಕೊಡ್ತಿದ್ರು. ಈಗ ಕೀಲಿ ಇಲ್ಲ. ಪುಸ್ತಕ ಇರೋದು ಉಪಯೋಗಕ್ಕ, ಕಾಯಲಿಕ್ಕಲ್ಲ ಅಂತ ಗ್ರಂಥಾಲಯ ಶಾಸ್ತ್ರದ ದೊಡ್ಡ ವಿದ್ವಾಂಸರು ಎಸ್. ಆರ್. ರಂಗನಾಥನ್ನರು 1931ರಾಗ ಹೇಳಿದ್ದು, ನಮ್ಮ ಕಪಾಟಿಗೆ ಅದು ಮುಟ್ಟಲಿಕ್ಕೆ ಇಷ್ಟು ವರ್ಷ ಹಿಡೀತು.

ಮನಿಯೊಳಗಿನ ಹಳೇ ಪುಸ್ತಕಾ ತಂದು ಕೊಡಬಹುದಾ?

ಕತಿ, ಕಾದಂಬರಿ, ಮಕ್ಕಳ ಪುಸ್ತಕ, ಜೀವನಚರಿತ್ರೆ, ನಿಘಂಟು ಆದ್ರ ಅವಶ್ಯ ತರ್ರಿ. ಮಕ್ಕಳದ್ದಂತೂ ಎಷ್ಟಿದ್ರೂ ಬೇಕು. ಹಳೇ ಸಿಲೆಬಸ್ಸಿನ ಗೈಡು, ಹೋದ ಪರೀಕ್ಷಾದ ಕರೆಂಟ್ ಅಫೇರ್ಸು ಬ್ಯಾಡ. ಹುಳಾ ಹತ್ತಿದ ಪುಸ್ತಕ ಅಂತೂ ಬ್ಯಾಡೇ ಬ್ಯಾಡ, ಒಂದ ಪುಸ್ತಕದಿಂದ ಇಡೀ ಕಪಾಟಿಗೆ ಹತ್ತತೈತಿ.

ರಿಪೇರಿ ಹೆಸರಿನ್ಯಾಗ ಹಳೇ ಪುಸ್ತಕಾ ರದ್ದಿಗೆ ಹಾಕಿದ್ರಂತ?

ಇಲ್ಲ. ಲೈಬ್ರರಿ ಪುಸ್ತಕಕ್ಕ ರಜಿಸ್ಟರ್ ನಂಬರ್ ಇರತೈತಿ, ಯಾರೋ ಮನಸಿಗೆ ಬಂದಂಗ ತಗದು ಒಗೀಲಿಕ್ಕೆ ಬರಂಗಿಲ್ಲ. ಗೆದ್ದಲ ತಿಂದಿದ್ದು, ಅಂಟಿ ಹೋಗಿದ್ದು ಯಾದಿ ಮಾಡಿ ಕೊಟ್ಟೀವಿ. ನೀವು ಕಂಡ ಗಂಟು ಹಳೇ ಪೇಪರಿಂದು.

ವರ್ಷಗಟ್ಟಲೆ ಹಿಂದ ತಂದ ಲೈಬ್ರರಿ ಪುಸ್ತಕಾ ಮನಿಯಾಗ ಐತಿ, ಈಗ ಕೊಟ್ರ ಬೈತಾರಾ?

ಬೈಯಂಗಿಲ್ಲ. ಸುಮ್ನ ತಂದು ಕೊಡ್ರಿ.

ಒಳಗ ಚಾ, ತಿಂಡಿ?

ಗಿರ್ಮಿಟ್ಟು, ಮಿರ್ಚಿ ಹೊರಗ ಕಟ್ಟಿ ಮ್ಯಾಲ. ಕೈ ತೊಳದು ಒಳಗ ಬರ್ರಿ, ನಲ್ಲಿ ಬಾಗಿಲದ ಬಾಜೂಕ ಐತಿ. ಎಣ್ಣಿ ಬಟ್ಟು ಹತ್ತಿದ ಹಾಳಿ ಇರಬಿಗೆ ಕರದಂಗ.

ನಾವೂ ಏನರೆ ಮಾಡಬೇಕು ಅನಸತೈತಿ. ಏನು ಮಾಡೋದು?

ರವಿವಾರ ಮುಂಜಾನೆ ಎಂಟಕ್ಕ ಬರ್ರಿ. ಬೈಂಡಿಂಗ್ ಕಾಕಾ ಹಿಂದಿನ ವರಾಂಡಾದಾಗ ಕೂತಿರತಾರ, ತೊಯ್ದ ಪುಸ್ತಕದೊಳಗ ಬೆನ್ನು ಬಿಚ್ಚಿದ್ದು ಇನ್ನೂ ಮೂರು ಸಾಲು ಅದಾವ. ಅವರು ಮೈದಾ ಅಂಟು ಕಾಸ್ತಾರ, ಅದಕ್ಕ ಚೂರು ಮೈಲುತುತ್ತ ಹಾಕ್ತಾರ, ಹುಳಾ ಬರಬಾರದು ಅಂತ, ಅದಕ್ಕ ಸಣ್ಣ ಹುಡುಗೂರನ್ನ ಆ ಬೋಗುಣಿ ಹತ್ರ ಬಿಡಂಗಿಲ್ಲ. ದೊಡ್ಡವರಿಗೆ ಹೊಲಿಗಿ ಕಲಸ್ತಾರ, ಎರಡು ರವಿವಾರ ಬಂದ್ರ ಬರತೈತಿ, ನನಗೂ ಬಂದೈತಿ. ಬೆನ್ನಿಗೆ ಹಚ್ಚಲಿಕ್ಕೆ ಅರಬಿ ಬೇಕು, ಅಂಗಡಿ ಹೊಸಾ ಅರಬಿಗಿಂತ ಹಳೇ ಧೋತರ ಛಲೋ ಅಂತಾರ ಕಾಕಾ, ಮೆತ್ತಗ ಇರತೈತಿ, ಅಂಟು ಛಲೋ ಕುಡೀತೈತಿ. ಮನಿಯಾಗ ಅಜ್ಜನ ಹಳೇ ಧೋತರ ಇದ್ರ ಬಿಸಿ ನೀರಾಗ ಎರಡು ಸಲ ತೊಳದು ತರ್ರಿ. ಗಂಜಿ ಒಂದೀಟೂ ಉಳಿಬಾರದು.